ಕೊಕ್ಕರೆಗಳಿಗಾಗಿ ಅಡ್ಡ ನಿಂತ ಅಜ್ಜಿ

ಬಿಸಿಲಿಗೆ ಕಾದ ಚರ್ಮದ ವಾಸನೆ ಬಂದರೆ ಈಗಲೂ ನನಗೆ ಎಮ್ಮಿಗನೂರಿನ ನಮ್ಮ ಹುಣಸೆಮರ ನೆನಪಾಗುತ್ತದೆ. ಅದರಲ್ಲಿ ಕೊಕ್ಕರೆಗಳು ಮರಿ ಮಾಡಿದ್ದವು. ಒಂದು ಮಧ್ಯಾಹ್ನ ಬಳ್ಳಾರಿಯ ಮೇಷ್ಟ್ರೊಬ್ಬರು ಚಕ್ಕಡಿಯಿಂದ ಭಾರವಾದ ಚರ್ಮದ ಪೆಟ್ಟಿಗೆ ಇಳಿಸಿ, ಮುಕ್ಕಾಲಿಯ ಮೇಲೆ ಉದ್ದನೆಯ ಕೊಳವೆಯೊಂದನ್ನು ಗೂಡಿನತ್ತ ತಿರುಗಿಸಿದರು. ನಾನು ಒಳಗೆ ಓಡಿ, "ಅಜ್ಜೀ, ಹಕ್ಕಿ ಹೊಡಿಯಾಕ ದೊಡ್ಡ ಬಂದೂಕು ತಂದಾರ!" ಎಂದು ಕೂಗಿದೆ.

ಅಜ್ಜಿ ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ ಕೊಳವೆಗೆ ಎದೆಯೊಡ್ಡಿ ನಿಂತಳು. "ಬಾಣಂತಿ ಹಕ್ಕಿ ಅದಾವ್ರಿ. ಮೊದ್ಲು ನನ್ನ ಹೊಡೀರಿ."

ಮೇಷ್ಟ್ರು ಗಾಬರಿಯಾದರು. "ಇದು ಫೋಟೋ ತಗಿಯೋದಮ್ಮಾ, ಬಂದು ನೋಡ್ರಿ" ಎಂದು ಕ್ಯಾಮೆರಾದ ಹಿಂದೆ ಇಳಿಬಿದ್ದ ಕರಿ ಬಟ್ಟೆ ಎತ್ತಿದರು.

ಅಜ್ಜಿ ಅದರೊಳಗೆ ತಲೆಯಿಟ್ಟು ಬಹಳ ಹೊತ್ತು ನೋಡಿದಳು. "ಗಾಜಿನ್ಯಾಗ ತಲಿಕೆಳಗ ಕಾಣ್ತಾವ. ಆದ್ರ ಮರಿಗೆ ಗುಟುಕು ಕೊಡಾಕತ್ತಾವ" ಎಂದು ನಕ್ಕಳು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು ನನ್ನನ್ನು ಹಿಡಿದುಕೊಂಡಳು. ಅವಳ ನಗು ಇನ್ನೂ ನಿಂತಿರಲಿಲ್ಲ.