ತೊಟ್ಟಿಲಿನ ಗೊಂಬೆ

ಮಂಗಳ ಗ್ರಹದಲ್ಲಿ ಮೊದಲು ನೆಲೆಯೂರಿದವರ ಗುಡಿಸಲು ಈಗ ಮ್ಯೂಸಿಯಂ. ಅಲ್ಲೇ ಬಾಳಿದ್ದ ದುಂಡವ್ವನನ್ನು ಸಂಬಳ ಕೊಟ್ಟು ಒಲೆ ಮುಂದೆ ಕೂರಿಸಿದ್ದರು. ಬರಿ ತೊಟ್ಟಿಲು ತೂಗಬಾರದೆಂದು ಅದರಲ್ಲೊಂದು ಗೊಂಬೆ ಮಲಗಿಸಿದ್ದರು. ಶಾಲೆಯ ಮಕ್ಕಳು ಸರದಿಯಂತೆ ತೂಗುತ್ತಿದ್ದರು.

"ಗಾಳಿ ಸಾಲದಾದಾಗ ಇವರು ನಗುನಗುತ್ತ ತಮ್ಮ ಪಾಲನ್ನು ಇಲ್ಲಿನ ಗಣಿಗೆ ಬಿಟ್ಟುಕೊಟ್ಟರು," ಎಂದ ಗೈಡ್ ಶಿವಯೋಗಿ. ದಿನಾ ಅದೇ ಪಾಠ. ದುಂಡವ್ವ ಹಲ್ಲು ಕಚ್ಚಿ ಕೂತಿದ್ದಳು.

"ಅಜ್ಜಿ, ನಿಮ್ಮ ಪಾಪು ಈಗ ಎಷ್ಟು ದೊಡ್ಡದಾಗೈತಿ?" ಒಬ್ಬ ಹುಡುಗಿ ಕೇಳಿದಳು.

ದುಂಡವ್ವ ಮಕ್ಕಳನ್ನೆಲ್ಲ ಹೊರಗಿನ ಹಜಾರಕ್ಕೆ ಕಳಿಸಿ, ಶಿವಯೋಗಿ ಒಳಗಿರುವಾಗಲೇ ಬಾಗಿಲಿಗೆ ಒಳಗಿನಿಂದ ಬೀಗ ಜಡಿದು, ಗಾಳಿಯ ನಲ್ಲಿ ಬಂದ್ ಮಾಡಿದಳು. ತುಸು ಹೊತ್ತಿಗೇ ಶಿವಯೋಗಿ ಬಾಗಿಲು ಬಡಿಯತೊಡಗಿದ.

"ಯವ್ವಾ, ಉಸಿರು ಕಟ್ಟಾಕತ್ತೈತಿ, ತಗೀ!"

"ಗಣಿಯವರು ಗಾಳಿ ಬಂದ್ ಮಾಡಿದಾಗ, ಕೂಸು ಬಗಲಾಗ ತಣ್ಣಗಾಗೂತನಕ ನಾನೂ ಹಿಂಗ ಬಡದೆ," ಎಂದು ಅವಳು ಗೊಂಬೆಯನ್ನು ಅವನ ಕೈಗೆ ತುರುಕಿದಳು. "ನಗುನಗುತ್ತ ಅಂದೆಲ್ಲಾ? ನಗು."