ಗಾಡಿ ಚೆನ್ನಾಗಿದೆ, ಮೇಡಂ

“ಬನ್ನಿ ಮೇಡಂ, ಕೂತ್ಕೊಳ್ಳಿ” ಎನ್ನುತ್ತ ಗಿರಿಜಾಂಬಾ ಪಕ್ಕದ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದಾಗ ಸುಷ್ಮಾಗೆ ನಗು ಬಂತು. ಉದಯಗಿರಿಯ ಇದೇ ಗಲ್ಲಿಯವಳು ಅವಳು. ದಿನಾ ಸಂಜೆ ಇದೇ ಮನೆಯ ಮೆಟ್ಟಿಲ ಮೇಲೆ ಕೂತು ಹರಟುವವಳು. ಇವತ್ತು ಕೊರಳಲ್ಲಿ ಗುರುತಿನ ಕಾರ್ಡಿತ್ತು, ಅಷ್ಟೇ. ಬಡವರಿಗೆ ತಾವು ಕೊಟ್ಟ ಸವಲತ್ತಿನಿಂದ ಉಪಯೋಗವಾಯಿತೇ ಎಂದು ಕೇಳಿ ಬರಲು ಒಂದು ಸೇವಾ ಸಂಸ್ಥೆಯವರು ಈ ಸಲ ಗಲ್ಲಿಯವರನ್ನೇ ನೇಮಿಸಿದ್ದರು.

“ಸೊಪ್ಪು ಮಾರೋಕೆ ಕೊಟ್ಟ ತಳ್ಳುಗಾಡಿ ಹೆಂಗಿದೆ ಅಕ್ಕ?”

“ತುಂಬಾ ಚೆನ್ನಾಗಿದೆ ಮೇಡಂ. ಕೊಟ್ಟೋರ ಹೊಟ್ಟೆ ತಣ್ಣಗಿರ್ಲಿ.”

ಸುಷ್ಮಾ ಕಾರ್ಡು ತೆಗೆದು ಕುರ್ಚಿಯ ಮೇಲಿಟ್ಟಳು. ಮೆಟ್ಟಿಲ ಮೇಲೆ ಕೂತು, ಒಂದು ಕಟ್ಟು ದಂಟಿನ ಸೊಪ್ಪು ಎಳೆದುಕೊಂಡು ಕೊಳೆತ ಎಲೆ ಕೀಳತೊಡಗಿದಳು.

“ಏನ್ ಚೆನ್ನಾಗಿರೋದು ಕಣೆ!” ಗಿರಿಜಾಂಬಾ ದನಿ ತಗ್ಗಿಸಿದಳು. “ಅದರ ಅಗಲಕ್ಕೆ ಗಲ್ಲಿ ಒಳಕ್ಕೇ ಬರಲ್ಲ. ರೋಡಲ್ಲಿ ನಿಲ್ಲಿಸಿದ್ರೆ ಯಾರೋ ಚಕ್ರ ಬಿಚ್ಕೊಂಡೋದ್ರು. ಈಗ್ಲೂ ತಲೆ ಮೇಲೆ ಮಂಕರಿ ಹೊತ್ಕೊಂಡೇ ತಿರ್ಗ್ತೀನಿ.”

“ಮತ್ತೆ ಚೆನ್ನಾಗಿದೆ ಅಂದ್ಯಲ್ಲಕ್ಕ?”

“ಕೊಟ್ಟಿದ್ದಕ್ಕೆ ಹೆಸರಿಟ್ರೆ ನಾಳೆ ಯಾರೂ ಏನೂ ಕೊಡಲ್ಲ. ಇದನ್ನೆಲ್ಲ ಬರ್ಕೋಬೇಡ.”

“ಬರ್ಕೊಳಲ್ಲ ಬುಡು. ಮುಂದಿನ ತಿಂಗ್ಳು ಎದುರು ಮನೆ ಅಂಬುಜಮ್ಮಂಗೂ ಇಂಥದೇ ಗಾಡಿ ಬರುತ್ತೆ.”

ಗಿರಿಜಾಂಬಾ ಎದುರು ಮನೆಯತ್ತ ನೋಡಿದಳು. ಬಾಗಿಲಲ್ಲಿ ಅಂಬುಜಮ್ಮ ಮಾರುವುದಕ್ಕೆ ಹೂ ಕಟ್ಟುತ್ತ ಕೂತಿದ್ದಳು. ಗಿರಿಜಾಂಬಾ ಒದ್ದೆ ಕೈ ಒರೆಸಿಕೊಂಡು ಎದ್ದಳು. ಕುರ್ಚಿಯ ಮೇಲಿದ್ದ ಕಾರ್ಡು ತಂದು ಸುಷ್ಮಾಳ ಕೊರಳಿಗೆ ತಾನೇ ಹಾಕಿದಳು.

“ಈಗ ಇನ್ನೊಂದ್ಸಲ ಕೇಳು.”