ಒಂದನೇ ಗೇಟಿನ ಕರ್ನಲ್

ಕಸಬರಿಗೆಯ ಕೋಲುಗಳನ್ನು ಬಂದೂಕಿನಂತೆ ಹೆಗಲಿಗೇರಿಸಿ ಅವರು ಮತ್ತೆ ಸಾಲಾಗಿ ನಿಂತಿದ್ದರು. ಕೊಲ್ಲಿ ನಾಡಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಹಿಂದಿನ ಮರಳು ಬಯಲು, ಶುಕ್ರವಾರದ ಬೆಳಗ್ಗೆ. ಮೋಹನದಾಸ್ ಕಾರಿನ ಗಾಜು ಇಳಿಸಿದ. ಮಾಲ್‌ನ ಒಂದನೇ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಬೊಕಾರಿ ಅಪ್ಪಣೆ ಕೊಡುತ್ತಿದ್ದ. ಉಳಿದ ಗಾರ್ಡ್‌ಗಳು ತುಟಿಪಿಟಕ್ಕೆನ್ನದೆ ಪಾಲಿಸುತ್ತಿದ್ದರು.

ಎಲ್ಲರೂ ಆಫ್ರಿಕಾದ ಒಂದೇ ಪುಟ್ಟ ದೇಶದವರು. ಸೆಕ್ಯುರಿಟಿ ಸೂಪರ್‌ವೈಸರ್ ಮೋಹನದಾಸನೇ ಅವರನ್ನು ಆರಿಸಿ ತಂದಿದ್ದ. ತನಗೆ ಅರೆಮನಸ್ಸಿನ ಸಲ್ಯೂಟ್ ಹೊಡೆಯುವವರು ಬೊಕಾರಿಯನ್ನು ಕಂಡರೆ ನೆಟ್ಟಗಾಗುತ್ತಿದ್ದರು. ಮೋಹನದಾಸನಿಗೆ ಹೊಟ್ಟೆ ಉರಿದಿತ್ತು. ಎರಡನೇ ಗೇಟಿನಲ್ಲಿದ್ದ ಬೇರೆ ಕಂಪೆನಿಯ ಗಾರ್ಡ್‌ಗಳಂತೂ ಇವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಅವರಿಗೂ ಏನೋ ವಾಸನೆ ಬಡಿದಿದೆ ಎಂದುಕೊಂಡ.

ಸಂಶಯವೇ ಇಲ್ಲ, ಇವರು ತಮ್ಮ ದೇಶದ ಸರ್ಕಾರ ಉರುಳಿಸುವ ತಯಾರಿಯಲ್ಲಿದ್ದಾರೆ. ಪೊಲೀಸರಿಗೆ ಗೊತ್ತಾದರೆ ತನ್ನ ವೀಸಾಕ್ಕೂ ಸಂಚಕಾರ. ಮಗಳು ತೃಷಾಳ ಹತ್ತನೇ ಕ್ಲಾಸು ಅರ್ಧಕ್ಕೇ ನಿಲ್ಲುತ್ತದೆ.

"ಮೊದಲು ಅವರನ್ನು ಊರಿಗೆ ಕಳಿಸಿ ಮಾರಾಯ್ರೆ. ಖಲಾಸ್! ನಮಗೆಂತಕ್ಕೆ ಅವರ ಉಸಾಬರಿ?" ಎಂದು ಹೆಂಡತಿ ರಾಜೀವಿ ನಿನ್ನೆಯೇ ಹೇಳಿದ್ದಳು.

ಅವನು ಕಾರಿಳಿದು ಹೋದ. "ನಿಜ ಹೇಳು ಬೊಕಾರಿ, ಯಾರು ನೀನು?" ಎಂದು ಇಂಗ್ಲಿಷಿನಲ್ಲಿ ಗದರಿದ.

"ಕರ್ನಲ್, ಸರ್."

"ಇವರು?"

"ನಮ್ಮ ದೇಶದ ಸೈನ್ಯ."

"ಅಂದರೆ, ಒಂದು ತುಕಡಿ?"

"ಅಲ್ಲ ಸರ್. ಇಷ್ಟೇ ಸೈನ್ಯ. ಸಂಬಳ ಕೊಡಲಾಗದೆ ಸರ್ಕಾರವೇ ನಮ್ಮನ್ನು ದುಡಿಯಲು ಕಳಿಸಿದೆ. ಕವಾಯತು ಮರೆತುಹೋಗಬಾರದಲ್ಲ." ಬೊಕಾರಿ ನಾಚಿ ಕೋಲನ್ನು ಬೆನ್ನ ಹಿಂದೆ ಮರೆಮಾಡಿದ.

ಮೋಹನದಾಸ್ ನಂಬಲಿಲ್ಲ. "ಹಾಗಾದರೆ ಅಲ್ಲಿ ಗಡಿ ಕಾಯುವವರು?"

"ಯಾರೂ ಇಲ್ಲ."

"ಯಾರ ಕಿವಿಗೆ ಹೂ ಇಡುತ್ತೀ? ಪಕ್ಕದ ದೇಶದವರು ಸುಮ್ಮನೆ ಬಿಟ್ಟಾರಾ? ನಿಮ್ಮಿಬ್ಬರ ಹೊಡೆದಾಟ ಟಿವಿಯಲ್ಲೆಲ್ಲ ಬರುತ್ತಿತ್ತು! ನಾಳೆಯೇ ನಿಮ್ಮೆಲ್ಲರ ವೀಸಾ ಕ್ಯಾನ್ಸಲ್."

ಬೊಕಾರಿ ಒಂದು ಹೆಜ್ಜೆ ಮುಂದೆ ಬಂದ. ಅಪ್ಪಣೆ ಕೊಡುತ್ತಿದ್ದ ಗಂಟಲು ಈಗ ಅಂಗಲಾಚಿತು.

"ಬೇಡ ಸರ್. ನಾವು ಊರಿಗೆ ಮರಳಿದ ಸುದ್ದಿ ತಿಳಿದರೆ ಪಕ್ಕದ ದೇಶದ ಸರ್ಕಾರವೂ ಎರಡನೇ ಗೇಟಿನಿಂದ ತನ್ನ ಸೈನ್ಯವನ್ನು ಕರೆಸಿಕೊಳ್ಳುತ್ತದೆ. ನಾವೆಲ್ಲ ಇಲ್ಲಿಗೆ ಬಂದ ಮೇಲೆಯೇ ಅಲ್ಲಿ ಯುದ್ಧ ನಿಂತದ್ದು."